ನೆರಳಿನಲ್ಲಿ ಬೆಳೆದ ಕಾಯಿಪಲ್ಯವನ್ನು ಮಾರುವುದು ಹೇಗೆ: ಸಣ್ಣ ರೈತರಿಗೊಂದು ಮಾರ್ಗದರ್ಶಿ

ಬಿಸಿಲು 40 ಡಿಗ್ರಿ ದಾಟಿದ ಮೇಲೆ ವಿಜಯಪುರ, ಬಾಗಲಕೋಟೆಯ ಬಯಲು ಹೊಲದಲ್ಲಿ ಬಿತ್ತಿದ ಕೊತ್ತಂಬರಿ ಸರಿಯಾಗಿ ಮೊಳೆಯುವುದಿಲ್ಲ. ಮೊಳೆತದ್ದೂ ಗೇಣುದ್ದ ಬೆಳೆಯುವ ಮೊದಲೇ ಹೂ ಬಿಟ್ಟು ನಿಲ್ಲುತ್ತದೆ. ಮದುವೆ, ಗೃಹಪ್ರವೇಶ, ಊರ ಜಾತ್ರೆಗಳ ಒಲೆಗಳು ಹೊತ್ತಿ ಉರಿಯುವುದೂ ಇದೇ ವೈಶಾಖ, ಜ್ಯೇಷ್ಠಗಳಲ್ಲಿ. ಬೇಡಿಕೆ ಏರಿದಾಗಲೇ ಸೊಪ್ಪು ಕಡಿಮೆಯಾಗುವುದರಿಂದ ಬೇಸಿಗೆಯ ಸಂತೆಯಲ್ಲಿ ಒಂದು ಸಿವುಡು ಕೊತ್ತಂಬರಿಗೆ ಚಳಿಗಾಲದ ಹಲವು ಪಟ್ಟು ದರ ಬರುತ್ತದೆ. ಚಿಕ್ಕು, ಮಾವು, ತೆಂಗು ಅಥವಾ ನುಗ್ಗೆಯ ಸಾಲುಗಳ ನಡುವೆ ಚದುರಿದ ಬಿಸಿಲು ಬೀಳುವ ನೆಲವಿದ್ದು, ಬೇಸಿಗೆಗೆ ಒಂದಿಷ್ಟು ನೀರಿದ್ದರೆ ಅದೇ ಕೊತ್ತಂಬರಿಯನ್ನು ಅದೇ ದಿನಗಳಲ್ಲಿ ತೆಗೆಯಬಹುದು. ನೆರಳಿನ ಕಾಯಿಪಲ್ಯಕ್ಕೆ ಬೆಲೆ ತರುವುದು ಅದು ಬರುವ ಕಾಲ. ಪ್ರಮಾಣದಲ್ಲಿ ಅದು ಎಂದೂ ಬಯಲಿನ ಬೆಳೆಗೆ ಸಾಟಿಯಾಗದು. ಮಾರಾಟದ ಯೋಜನೆಯನ್ನು ಈ ಎರಡು ಮಾತುಗಳ ಮೇಲೆ ಕಟ್ಟಬೇಕು. ಸ್ವಲ್ಪ ಬರುವ, ಆದರೆ ಬೇರೆಯವರ ಹತ್ತಿರ ಇಲ್ಲದಾಗ ಬರುವ ಮಾಲನ್ನು ರಾಶಿ ಹಾಕಿ ಲಿಲಾವಿಗೆ ಒಯ್ದರೆ ಅದರ ಗುಣವೇ ಕಳೆದುಹೋಗುತ್ತದೆ.

ಈ ಬರಹ ಎರಡು ಎಕರೆಯೊಳಗಿನ ತೋಟಗಾರರಿಗೂ, ಅವರ ಬೆನ್ನಿಗೆ ನಿಂತು ಮಾರಾಟಕ್ಕೆ ನೆರವಾಗುವ ಸ್ವಸಹಾಯ ಸಂಘದವರು, ಕೃಷಿ ಸಖಿಯರು ಮತ್ತು ಊರಿನ ಓದಿದ ಹುಡುಗ ಹುಡುಗಿಯರಿಗೂ ಉದ್ದೇಶಿಸಿದ್ದು.

1. ನಿಮ್ಮ ನೆರಳು ಎಂಥದೆಂದು ತಿಳಿಯಿರಿ

ಗಿರಾಕಿಗೆ ಮಾತು ಕೊಡುವ ಮೊದಲು ತೋಟ ಏನು ಕೊಡಬಲ್ಲದು ಎಂಬುದು ಗೊತ್ತಿರಬೇಕು. ನಡುಹಗಲಿನಲ್ಲಿ ಸಾಲುಗಳ ಮಧ್ಯೆ ನಿಂತು ನೆಲ ನೋಡಿ. ಬಿಸಿಲಿನ ಚುಕ್ಕೆಗಳು ನೆಲದ ಅರ್ಧದಷ್ಟಾದರೂ ಬಿದ್ದಿದ್ದರೆ ಕೊತ್ತಂಬರಿ, ಮೆಂತ್ಯೆ, ಪಾಲಕ್, ರಾಜಗಿರಿ, ಸಬ್ಬಸಿಗೆ, ಮೂಲಂಗಿ ಮತ್ತು ಹಸಿಮೆಣಸಿನಕಾಯಿ ಬರುತ್ತವೆ. ನೆರಳು ಅದಕ್ಕಿಂತ ದಟ್ಟವಾಗಿದ್ದರೆ ಸೊಪ್ಪಿನ ಆಸೆ ಬಿಟ್ಟು ಅರಿಶಿನ, ಶುಂಠಿ, ಸುವರ್ಣಗಡ್ಡೆ, ಕೆಸುವಿನಗಡ್ಡೆಗಳ ಕಡೆಗೆ ತಿರುಗಬೇಕು. ಉಳ್ಳಾಗಡ್ಡಿ ಮತ್ತು ಟೊಮೆಟೊಗೆ ತುಂಬು ಬಿಸಿಲು ಬೇಕು. ಬಯಲಿನಲ್ಲಿ ಅವು ನಮ್ಮ ಜಿಲ್ಲೆಗಳಲ್ಲಿ ಲಾರಿಗಟ್ಟಲೆ ಬೆಳೆಯುವಾಗ ಗಿಡದ ಬುಡದಲ್ಲಿ ಬೆಳೆದು ಅವುಗಳೊಡನೆ ಪೈಪೋಟಿಗೆ ಇಳಿಯುವುದು ಹಟವೇ ಹೊರತು ವ್ಯಾಪಾರವಲ್ಲ. ಹುಣಸೆಯ ಕೆಳಗೆ ಪ್ರಯತ್ನವನ್ನೇ ಮಾಡಬೇಡಿ.

ಮಳೆಯ ಲೆಕ್ಕ ಜಿಲ್ಲೆಯೊಳಗೇ ಬದಲಾಗುತ್ತದೆ. ವಿಜಯಪುರದಲ್ಲಿ ವರ್ಷದ ಮಳೆ 600 ಮಿಲಿಮೀಟರಿನ ಆಸುಪಾಸು. ಬೆಳಗಾವಿ ಜಿಲ್ಲೆಯ ಖಾನಾಪುರದ ಕಾಡಂಚಿನಲ್ಲಿ ಅದರ ಎರಡು ಪಟ್ಟಿಗೂ ಹೆಚ್ಚು. ಖಾನಾಪುರದವರಿಗೆ ಮಳೆಗಾಲದಲ್ಲಿ ನೆರಳು ಲಾಭಕ್ಕಿಂತ ತೊಂದರೆಯೇ ಹೆಚ್ಚು, ಸೊಪ್ಪು ಕೊಳೆಯುತ್ತದೆ. ಆ ಭಾಗದವರು ಮುಂದೆ ಹೇಳುವ ಬೇಸಿಗೆಯ ಲೆಕ್ಕವನ್ನು ಹಿಡಿದು, ಮಳೆಗಾಲಕ್ಕೆ ಗಡ್ಡೆಗಳನ್ನು ಇಟ್ಟುಕೊಳ್ಳುವುದು ಒಳ್ಳೆಯದು.

2. ಬೀಜ ತರುವ ಮೊದಲು ಗಿರಾಕಿಯನ್ನು ಗೊತ್ತುಪಡಿಸಿ

ಸಾಮಾನ್ಯವಾಗಿ ಬೆಳೆ ಕೈಗೆ ಬಂದ ದಿನವೇ ಎಲ್ಲಿ ಮಾರುವುದೆಂಬ ಚಿಂತೆ ಶುರುವಾಗುತ್ತದೆ. ಸೊಪ್ಪಿನ ವಿಷಯದಲ್ಲಿ ಇದು ನಡೆಯದು, ಏಕೆಂದರೆ ಕಿತ್ತ ಸೊಪ್ಪು ಮರುದಿನ ಸಂಜೆಗೆ ಸರಕೇ ಅಲ್ಲ. ಬಿತ್ತುವುದಕ್ಕೆ ಒಂದು ತಿಂಗಳು ಮೊದಲೇ, ತೋಟದಿಂದ 15-20 ಕಿಲೋಮೀಟರ್ ಫಾಸಲೆಯಲ್ಲಿ ಯಾರು ಯಾವ ಸೊಪ್ಪನ್ನು ಎಷ್ಟು ಕೊಳ್ಳುತ್ತಾರೆ ಎಂದು ಕೇಳಿ ಬರೆದುಕೊಳ್ಳಬೇಕು.

ನಮ್ಮ ಭಾಗದಲ್ಲಿ ಈ ಪಟ್ಟಿಯ ತಲೆಯಲ್ಲಿ ಖಾನಾವಳಿಗಳನ್ನು ಇಡುತ್ತೇನೆ. ರೊಟ್ಟಿ ಊಟದ ಖಾನಾವಳಿಯಲ್ಲಿ ತಾಟಿನ ಅಂಚಿಗೆ ಹಸಿ ಮೆಂತ್ಯೆ, ಹಕ್ಕರಕಿ, ಮೂಲಂಗಿ, ಸೌತೆಕಾಯಿ, ಉಳ್ಳಾಗಡ್ಡಿ ಬರದಿದ್ದರೆ ಉಂಡವರು ಮುಖ ಸಿಂಡರಿಸುತ್ತಾರೆ. ಬೇಯಿಸದೆ ಬಡಿಸುವ ತಪ್ಪಲಿಗೆ ಎಳಸುತನ ಮುಖ್ಯ, ಮತ್ತು ನೆರಳಿನಲ್ಲಿ ಬೆಳೆದ ಎಲೆ ಬಯಲಿನದಕ್ಕಿಂತ ಅಗಲವಾಗಿ, ತೆಳುವಾಗಿ, ಮೆತ್ತಗೆ ಇರುತ್ತದೆ. ಖಾನಾವಳಿ ನಡೆಸುವವರಿಗೆ ದಿನವೂ ಬೇಕು, ವರ್ಷವಿಡೀ ಬೇಕು, ಅವರ ಬೇಡಿಕೆ ನಿಮ್ಮ ಮಡಿಯ ಅಳತೆಗೆ ಹೊಂದುವಷ್ಟೇ ಇರುತ್ತದೆ. ಬೆಳಿಗ್ಗೆ ಹತ್ತರೊಳಗೆ, ಅಡುಗೆಗೆ ಕೂರುವ ಮೊದಲು, ಮಾಲು ಅವರ ಬಾಗಿಲಲ್ಲಿ ಇರಬೇಕು ಎಂಬುದೊಂದೇ ಅವರ ಕಟ್ಟುನಿಟ್ಟು. ಮಧ್ಯಾಹ್ನದ ಗದ್ದಲದಲ್ಲಿ ಹೋಗಿ ಮಾತನಾಡಬೇಡಿ. ನಾಲ್ಕು ಗಂಟೆಯ ಹೊತ್ತಿಗೆ, ಮಾಲೀಕರು ಗಲ್ಲೆಯ ಹಿಂದೆ ಬಿಡುವಾಗಿ ಕುಳಿತಿರುವಾಗ, ಕೈಯಲ್ಲಿ ಎರಡು ಸಿವುಡು ಮಾದರಿ ಹಿಡಿದು ಹೋಗಿ.

ಎರಡನೆಯದು ಅಡುಗೆ ಗುತ್ತಿಗೆದಾರರು. ಮದುವೆಯ ಅಡುಗೆ ಹಿಡಿಯುವ ಭಟ್ಟರು, ಸ್ವಾಮಿಗಳು ಬೇಸಿಗೆಯಲ್ಲಿ ಕೊತ್ತಂಬರಿಗಾಗಿ ಪೇಟೆಯಲ್ಲಿ ಅಲೆದಾಡುತ್ತಾರೆ. ಅವರ ಬಳಿ ಮುಂದಿನ ಎರಡು ತಿಂಗಳ ಮದುವೆಗಳ ದಿನಾಂಕಗಳು ಡೈರಿಯಲ್ಲಿರುತ್ತವೆ. ಆ ಡೈರಿ ನಿಮ್ಮ ಬಿತ್ತನೆಯ ಪಟ್ಟಿಗೆ ಆಧಾರವಾಗಬಲ್ಲದು. ಆಮೇಲೆ ದಾಸೋಹ ನಡೆಸುವ ಮಠಗಳು, ವಿದ್ಯಾರ್ಥಿ ನಿಲಯಗಳು, ಅಕ್ಷರ ದಾಸೋಹದ ಬಿಸಿಯೂಟಕ್ಕೆ ಕಾಯಿಪಲ್ಯ ಕೊಳ್ಳುವ ಶಾಲೆಗಳು. ಶಾಲೆಗಳಿಗೆ ಬೇಸಿಗೆ ರಜೆ ಇರುವುದರಿಂದ ಅವು ಜೂನ್ ನಂತರದ ಗಿರಾಕಿಗಳು ಎಂಬುದು ನೆನಪಿರಲಿ. ಇಂಥ ಕಡೆ ಹಣ ತಡವಾಗುವುದು ಸಾಮಾನ್ಯ. ಮೊದಲೇ ಕೇಳಿ, ವಾರದ ಲೆಕ್ಕವೋ ತಿಂಗಳ ಲೆಕ್ಕವೋ ಎಂದು ಇತ್ಯರ್ಥ ಮಾಡಿಕೊಳ್ಳಿ.

ಓಣಿಯ ಮನೆಗಳು ಮೂರನೆಯ ದಾರಿ. ಬಾಗಲಕೋಟೆಯ ನವನಗರ, ವಿಜಯಪುರದ ಹೊಸ ಬಡಾವಣೆಗಳು, ಬೆಳಗಾವಿಯ ನೌಕರರ ಕಾಲೊನಿಗಳಲ್ಲಿ ಒಂದು ವಾಟ್ಸ್‌ಆ್ಯಪ್ ಗುಂಪು ಮಾಡಿಕೊಂಡರೆ ಸಾಕು. ಹಿಂದಿನ ಸಂಜೆ ಆರಕ್ಕೆ ಕಳಿಸುವ ಸಂದೇಶ ಹೀಗಿರಲಿ: "ನಾಳೆ ಬುಧವಾರ. ಕೊತ್ತಂಬರಿ 60 ಸಿವುಡು, ಮೆಂತ್ಯೆ 40, ಪುಂಡಿ ಪಲ್ಯ 20. ಸಿವುಡಿಗೆ 10 ರೂಪಾಯಿ. ರಾತ್ರಿ ಒಂಬತ್ತರೊಳಗೆ ತಿಳಿಸಿದವರಿಗೆ ತೆಗೆದಿಡುತ್ತೇವೆ. ಬೆಳಿಗ್ಗೆ ಏಳೂವರೆಗೆ ಗುಡಿಯ ಮುಂದೆ ಗಾಡಿ ಬರುತ್ತದೆ." ಇರುವಷ್ಟನ್ನೇ ಬರೆಯಬೇಕು. ನೂರು ಇದೆ ಎಂದು ಬರೆದು ಅರವತ್ತು ಒಯ್ದರೆ ಮುಂದಿನ ವಾರ ಆ ಗುಂಪಿನಲ್ಲಿ ಯಾರೂ ಉತ್ತರ ಕೊಡುವುದಿಲ್ಲ.

ವಾರದ ಸಂತೆಯನ್ನು ನಾನು ಕೊನೆಗೆ ಇಡುತ್ತೇನೆ. ಸಂತೆಗೆ ಕೂರುವುದೆಂದರೆ ಒಬ್ಬರ ಇಡೀ ದಿನದ ದುಡಿಮೆ ಹೋದಂತೆ, ಮತ್ತು ಉಳಿದದ್ದನ್ನು ಸಂಜೆ ಅರ್ಧ ದರಕ್ಕೆ ಸುರಿದು ಬರಬೇಕಾಗುತ್ತದೆ. ಆದರೂ ಹೊಸ ಗಿರಾಕಿಗಳು ಸಿಗುವುದು ಅಲ್ಲಿಯೇ ಆದ್ದರಿಂದ ಮೊದಲ ಹಂಗಾಮಿನಲ್ಲಿ ಸಂತೆಯನ್ನು ಪೂರ್ತಿ ಬಿಡುವ ಹಾಗಿಲ್ಲ.

3. ಕ್ಯಾಲೆಂಡರ್ ಮುಂದಿಟ್ಟುಕೊಂಡು ಹಿಂದಕ್ಕೆ ಎಣಿಸಿ

ಗಿರಾಕಿ ಗೊತ್ತಾದ ಮೇಲೆ ಬಿತ್ತನೆಯ ದಿನವನ್ನು ಮಾರಾಟದ ದಿನದಿಂದ ಹಿಂದಕ್ಕೆ ಎಣಿಸಿ ತೆಗೆಯಬೇಕು. ಮೆಂತ್ಯೆಗೆ 25ರಿಂದ 30 ದಿನ, ರಾಜಗಿರಿಗೆ ಹೆಚ್ಚುಕಡಿಮೆ ಅಷ್ಟೇ, ಕೊತ್ತಂಬರಿಗೆ 35ರಿಂದ 45, ಮೂಲಂಗಿಗೆ 40ರಿಂದ 45. ಪಾಲಕ್ ಸುಮಾರು 30 ದಿನಕ್ಕೆ ಮೊದಲ ಕೊಯ್ಲು ಕೊಟ್ಟು, ಬುಡ ಬಿಟ್ಟು ಕೊಯ್ದರೆ ಆಮೇಲೆ ಎರಡು ಮೂರು ವಾರಕ್ಕೊಮ್ಮೆ ಚಿಗುರುತ್ತದೆ.

ಒಂದೇ ದಿನ ಅರ್ಧ ಎಕರೆಯಷ್ಟು ಬಿತ್ತುವುದು ಇಲ್ಲಿ ನಷ್ಟದ ದಾರಿ. ಖಾನಾವಳಿಗೆ ಎರಡು ದಿನಕ್ಕೊಮ್ಮೆ ಮೆಂತ್ಯೆ ಕೊಡಬೇಕೆಂದಿಟ್ಟುಕೊಳ್ಳಿ. ಎರಡು ದಿನಕ್ಕೊಂದರಂತೆ 15 ಸಣ್ಣ ಮಡಿಗಳನ್ನು ಬಿತ್ತಿದರೆ ಮೂವತ್ತನೆಯ ದಿನ ಮೊದಲ ಮಡಿ ಕೀಳಲು ಸಿದ್ಧವಾಗುತ್ತದೆ. ಕಿತ್ತ ಮಡಿಯನ್ನು ಅಂದೇ ಕೆದಕಿ, ಗೊಬ್ಬರ ಬೆರೆಸಿ ಮತ್ತೆ ಬಿತ್ತಿದರೆ ಸರಪಳಿ ಕಡಿಯುವುದಿಲ್ಲ. ವಾರಕ್ಕೊಮ್ಮೆ ಕೊತ್ತಂಬರಿ ಸಾಕು ಎನ್ನುವವರಿಗೆ ಆರು ಮಡಿಗಳೇ ಸಾಕಾಗುತ್ತವೆ. ಪ್ರತಿ ಮಡಿಗೂ ಒಂದು ಗೂಟ ನೆಟ್ಟು, ತಗಡಿನ ತುಂಡಿನ ಮೇಲೆ ಬಿತ್ತಿದ ದಿನಾಂಕ ಬರೆದು ಕಟ್ಟಿ. ಮನೆಯ ಯಾರೇ ತೋಟಕ್ಕೆ ಹೋದರೂ ನಾಳೆ ಯಾವ ಮಡಿ ಎಂಬುದು ತಿಳಿಯುತ್ತದೆ.

ಬೇಸಿಗೆಯ ಕೊತ್ತಂಬರಿಗೆ ಇನ್ನೆರಡು ಮಾತು. ಬೀಜವನ್ನು ಉಜ್ಜಿ ಎರಡು ಹೋಳು ಮಾಡಿ, ಒಂದು ರಾತ್ರಿ ನೀರಿನಲ್ಲಿ ನೆನೆಸಿ, ನೆರಳಿನಲ್ಲಿ ಆರಿಸಿ ಬಿತ್ತಬೇಕು. ಮೊಳಕೆ ಒಡೆಯುವವರೆಗೆ ಮಡಿಯ ಮೇಲೆ ಜೋಳದ ಕಣಕಿಯನ್ನೋ ಒಣ ಹುಲ್ಲನ್ನೋ ತೆಳುವಾಗಿ ಹರಡಿ, ಬೆಳಿಗ್ಗೆ ಸಂಜೆ ನೀರು ಚಿಮುಕಿಸಬೇಕು.

ಬಸವ ಜಯಂತಿ ಮತ್ತು ಅಕ್ಷಯ ತೃತೀಯಾ ಒಂದೇ ದಿನ ಬರುತ್ತವೆ, ಅಂದು ನಮ್ಮಲ್ಲಿ ಸಾಮೂಹಿಕ ವಿವಾಹಗಳು ಹೆಚ್ಚು. ಆ ದಿನದಿಂದ 40 ದಿನ ಹಿಂದಕ್ಕೆ ಎಣಿಸಿ ಮೊದಲ ದೊಡ್ಡ ಮಡಿಯನ್ನು ಬಿತ್ತಿ, ಅಲ್ಲಿಂದ ಮೇ ತಿಂಗಳ ಮದುವೆಗಳಿಗೆ ವಾರಕ್ಕೊಂದರಂತೆ ಮುಂದುವರಿಸಿ. ಭೋಗಿಯ ದಿನ ಕಾಯಿಪಲ್ಯ ಎಷ್ಟು ತಂದರೂ ಖರ್ಚಾಗುತ್ತದೆ, ಎಳ್ಳ ಅಮಾವಾಸ್ಯೆಯಂದು ಹೊಲಕ್ಕೆ ಚೆಲ್ಲುವ ನೈವೇದ್ಯವಾದ ಚರಗಕ್ಕೂ ಹಾಗೆಯೇ. ಆದರೆ ಚಳಿಗಾಲದಲ್ಲಿ ಎಲ್ಲರ ಹೊಲದಲ್ಲೂ ಸೊಪ್ಪು ತುಂಬಿರುವುದರಿಂದ ನೆರಳಿನ ಸೊಪ್ಪಿಗೆ ವಿಶೇಷ ದರ ಸಿಗುವುದಿಲ್ಲ. ಆ ಹೊತ್ತಿಗೆ ಗಡ್ಡೆಗಳಿದ್ದರೆ ಲೆಕ್ಕ ಬೇರೆ. ಬಾದಾಮಿಯ ಬನಶಂಕರಿಗೆ ಬನದ ಹುಣ್ಣಿಮೆಯ ಮುನ್ನ ನಡೆಯುವ ಪಲ್ಯದ ಹಬ್ಬದಲ್ಲಿ 108 ಬಗೆಯ ಪಲ್ಯಗಳ ನೈವೇದ್ಯವಾಗುತ್ತದೆ. ಶಾಕಾಂಬರಿಯೆಂದೂ ಕರೆಯುವ ಈ ದೇವಿಯ ಊರಿನ ಸುತ್ತಮುತ್ತ ಇದ್ದವರು ಕೆಸುವು, ಸುವರ್ಣಗಡ್ಡೆ, ಕಿರಕಸಾಲಿ, ಹುಣಚಿಕ್ಕ ಸೊಪ್ಪುಗಳಂಥ ಅಪರೂಪದವನ್ನು ಆ ವಾರಕ್ಕೆ ಹೊಂದಿಸಿಕೊಂಡರೆ ಕೇಳುವವರಿಗೆ ಕೊರತೆಯಿಲ್ಲ. ಶ್ರಾವಣದಲ್ಲಿಯೂ ಕಾಯಿಪಲ್ಯದ ಬೇಡಿಕೆ ಏರುತ್ತದೆ.

4. ಮೇಲಿನ ಗಿಡಕ್ಕೆ ಹೊಡೆದ ಔಷಧ ಕೆಳಗಿನ ಎಲೆಗೆ ಬೀಳುತ್ತದೆ

ಇದನ್ನು ಮಾರಾಟದ ಲೇಖನದಲ್ಲಿ ಏಕೆ ಹೇಳಬೇಕೆಂದರೆ, ಹಸಿಯಾಗಿ ತಿನ್ನುವ ತಪ್ಪಲು ಮಾರುವವರಿಗೆ ಇದೊಂದೇ ವಿಷಯದಲ್ಲಿ ಗಿರಾಕಿ ಖಾಯಂ ಆಗಿ ಕೈತಪ್ಪಬಹುದು. ಬಾಗಲಕೋಟೆ, ವಿಜಯಪುರಗಳ ದಾಳಿಂಬೆ ತೋಟಗಳಲ್ಲಿ ದುಂಡಾಣು ಅಂಗಮಾರಿ ರೋಗಕ್ಕೆ ತಾಮ್ರದ ಮತ್ತು ಇತರ ಔಷಧಗಳ ಸಿಂಪಡಣೆ ಮೇಲಿಂದ ಮೇಲೆ ನಡೆಯುತ್ತದೆ. ತಿಕೋಟಾ, ಬಬಲೇಶ್ವರ ಕಡೆಯ ದ್ರಾಕ್ಷಿಗೂ ಅದೇ ಕಥೆ. ಇಂಥ ತೋಟದ ಸಾಲಿನಲ್ಲಿ ಸೊಪ್ಪು ಬೆಳೆದು ಮಾರುವುದನ್ನು ನಾನು ಒಪ್ಪುವುದಿಲ್ಲ, ಎಷ್ಟೇ ಜಾಗ ಖಾಲಿ ಇರಲಿ. ಇಂಡಿಯ ಲಿಂಬೆ ತೋಟದಲ್ಲಿ ಕಜ್ಜಿ ರೋಗಕ್ಕೆ ಸಿಂಪಡಿಸುವವರು ಆ ದಿನಗಳಲ್ಲಿ ಸೊಪ್ಪನ್ನು ನಿಲ್ಲಿಸಿ ಮಣ್ಣೊಳಗಿನ ಗಡ್ಡೆಗೆ ಹೋಗುವುದು ಸರಿಯಾದ ಕ್ರಮ. ಮಾವಿನಲ್ಲಿ ಜಿಗಿಹುಳುವಿಗೆ ಹೂವಿನ ಕಾಲದಲ್ಲಿ ಸಿಂಪಡಣೆ ನಡೆಯುತ್ತದೆ. ಕಾಯಿ ಕಟ್ಟಿದ ಮೇಲೆ ಸಾಮಾನ್ಯವಾಗಿ ನಿಲ್ಲುತ್ತದೆ, ಆದ್ದರಿಂದ ಬೇಸಿಗೆಯ ಸೊಪ್ಪಿಗೆ ಮಾವಿನ ಸಾಲು ಹೊಂದುತ್ತದೆ. ಒಂದೇ ತೊಂದರೆ, ಮೇ ತಿಂಗಳಲ್ಲಿ ಕಾಯಿ ಇಳಿಸುವ ಆಳುಗಳು ಮಡಿ ತುಳಿಯುತ್ತಾರೆ. ಗಿಡದ ಸುತ್ತ ಓಡಾಡಲು ದಾರಿ ಬಿಟ್ಟೇ ಮಡಿ ಹಾಕಬೇಕು. ಚಿಕ್ಕುವಿಗೆ ಸಿಂಪಡಣೆ ಕಡಿಮೆ. ನನ್ನ ದೃಷ್ಟಿಯಲ್ಲಿ ಸೊಪ್ಪು ಮಾರುವವನಿಗೆ ನಮ್ಮ ಭಾಗದಲ್ಲಿ ಚಿಕ್ಕುವಿಗಿಂತ ಒಳ್ಳೆಯ ಮರವಿಲ್ಲ.

ಏನೇ ಸಿಂಪಡಿಸಿದರೂ ಡಬ್ಬಿಯ ಮೇಲೆ ಬರೆದ ಕಾಯುವ ಅವಧಿ ಮುಗಿಯುವ ತನಕ ಕೊಯ್ಯಬಾರದು. ದಿನಾಂಕವನ್ನು ಅದೇ ತಗಡಿನ ಮೇಲೆ ಬರೆಯಿರಿ, ಕೇಳಿದ ಗಿರಾಕಿಗೆ ತೋರಿಸಿ. ಸಾವಯವ ಎಂದು ಬೋರ್ಡು ಹಾಕುವ ಅವಸರ ಬೇಡ. ನಿಜವಾಗಿ ಹಾಗೆ ಬೆಳೆಯುವವರು ಐದಾರು ಮನೆಗಳು ಸೇರಿ ಪಿಜಿಎಸ್-ಇಂಡಿಯಾ ಎಂಬ ಸಾವಯವ ಪ್ರಮಾಣೀಕರಣ ಪದ್ಧತಿಯಲ್ಲಿ ಗುಂಪಾಗಿ ನೋಂದಾಯಿಸಿಕೊಂಡು, ಒಬ್ಬರ ತೋಟವನ್ನು ಇನ್ನೊಬ್ಬರು ಪರಿಶೀಲಿಸುವ ಮೂಲಕ ಪ್ರಮಾಣಪತ್ರ ಪಡೆಯಬಹುದು.

5. ಕೊಯ್ಲಿನಿಂದ ಗಾಡಿಯವರೆಗೆ

ನೆರಳಿನ ಎಲೆ ತೆಳು ಎಂದೆನಲ್ಲ, ಅದರ ಇನ್ನೊಂದು ಮುಖ ಇಲ್ಲಿದೆ: ಅದು ಬೇಗ ಬಾಡುತ್ತದೆ. ನಸುಕಿನಲ್ಲಿ, ಇಲ್ಲವೇ ಹಿಂದಿನ ಸಂಜೆ ಬಿಸಿಲು ಇಳಿದ ಮೇಲೆ ಕೀಳಬೇಕು. ಬೇರಿಗೆ ಅಂಟಿದ ಮಣ್ಣನ್ನು ಮಾತ್ರ ತೊಳೆದು, ಎಲೆಯ ಮೇಲೆ ನೀರು ನಿಲ್ಲದಂತೆ ಕೊಡವಿ, ಒಂದೇ ಗಾತ್ರದ ಸಿವುಡು ಕಟ್ಟಬೇಕು. ಅಳತೆಗೆ ಮನೆಯಲ್ಲಿರುವ ಬಳೆಯೋ ಪೈಪಿನ ತುಂಡೋ ಸಾಕು. ಕಾಂಡದ ಗೊಂಚಲು ಅದರೊಳಗೆ ಬಿಗಿಯಾಗಿ ಕೂತರೆ ಒಂದು ಸಿವುಡು. ಹತ್ತು ಮನೆಯ ಮಾಲು ಒಟ್ಟಿಗೆ ಹೋಗುವಾಗ ಈ ಅಳತೆಯೇ ಜಗಳ ತಪ್ಪಿಸುತ್ತದೆ. ಹಳದಿ ಎಲೆ, ಹುಲ್ಲುಕಡ್ಡಿ ಒಂದೂ ಇರಬಾರದು. ಒದ್ದೆ ಗೋಣಿ ತಟ್ಟು ಹಾಸಿದ ಬುಟ್ಟಿಯಲ್ಲಿ ಬೇರು ಕೆಳಗಾಗಿ ನಿಲ್ಲಿಸಿ ಒಯ್ಯಿರಿ. ಪ್ಲಾಸ್ಟಿಕ್ ಚೀಲದಲ್ಲಿ ತುರುಕಿದ ಸೊಪ್ಪು ಒಳಗೇ ಬೆವೆತು ಕಪ್ಪಾಗುತ್ತದೆ.

ಒಂದು ರಾತ್ರಿಯೋ ಒಂದು ದಿನವೋ ಮಾಲು ತಡೆದಿಡಬೇಕಾದವರಿಗೆ ಕರೆಂಟು ಬೇಡದ ಇಟ್ಟಿಗೆಯ ತಂಪುಕೋಣೆ ತುಂಬ ಉಪಯೋಗಿ. ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆ ರೂಪಿಸಿದ ಮಾದರಿ ಇದು. ಮರದ ನೆರಳಿನಲ್ಲಿ 165 ಸೆಂಟಿಮೀಟರ್ ಉದ್ದ, 115 ಸೆಂಟಿಮೀಟರ್ ಅಗಲದ ಇಟ್ಟಿಗೆಯ ನೆಲಗಟ್ಟು ಹಾಕಿ, ಅದರ ಮೇಲೆ 67.5 ಸೆಂಟಿಮೀಟರ್ ಎತ್ತರಕ್ಕೆ ಎರಡು ಸುತ್ತು ಗೋಡೆ ಎಬ್ಬಿಸಿ, ಎರಡರ ನಡುವೆ 7.5 ಸೆಂಟಿಮೀಟರ್ ಸಂದು ಬಿಟ್ಟು ನದಿ ಮರಳು ತುಂಬಬೇಕು. ಬಿದಿರಿನ ಚೌಕಟ್ಟಿಗೆ ಕಣಕಿ ಇಲ್ಲವೇ ಲಾವಂಚ ಹೆಣೆದು ಮುಚ್ಚಳ ಮಾಡಿ. ಬೆಳಿಗ್ಗೆ ಸಂಜೆ ಮರಳಿಗೂ ಮುಚ್ಚಳಕ್ಕೂ ನೀರು ಹನಿಸಿದರೆ, ಆ ನೀರು ಆರುವಾಗ ಒಳಗಿನ ಶಾಖವನ್ನು ಎಳೆದುಕೊಳ್ಳುತ್ತದೆ; ಕಡು ಬೇಸಿಗೆಯಲ್ಲಿ ಒಳಗಿನ ಉಷ್ಣತೆ ಹೊರಗಿನದಕ್ಕಿಂತ 10 ಡಿಗ್ರಿಗೂ ಹೆಚ್ಚು ಇಳಿಯುತ್ತದೆ. ಗಾಳಿ ಒಣಗಿದಷ್ಟೂ ಇದು ಚೆನ್ನಾಗಿ ಕೆಲಸ ಮಾಡುವುದರಿಂದ ಕರಾವಳಿಗಿಂತ ನಮ್ಮ ಬಯಲು ಸೀಮೆಗೇ ಹೇಳಿ ಮಾಡಿಸಿದಂತಿದೆ. ಮಳೆಗಾಲದಲ್ಲಿ ಮಾತ್ರ ಇದರಿಂದ ಹೆಚ್ಚು ಪ್ರಯೋಜನವಿಲ್ಲ. ಮಾಲನ್ನು ರಂಧ್ರವಿರುವ ಟ್ರೇಗಳಲ್ಲಿ ಇಡಿ, ನೇರ ಇಟ್ಟಿಗೆಯ ಮೇಲೆ ಸುರಿಯಬೇಡಿ.

6. ಕೈಗೆ ಉಳಿಯುವುದನ್ನು ನೋಡಿ ದರ ಹೇಳಿ

ಸಿವುಡಿಗೆ ಎಷ್ಟು ಸಿಕ್ಕಿತು ಎಂಬುದಕ್ಕಿಂತ ದಿನದ ಕೊನೆಗೆ ಮನೆಗೆ ಎಷ್ಟು ಬಂತು ಎಂಬುದನ್ನು ನೋಡಬೇಕು. ಲೆಕ್ಕದ ಸಲುವಾಗಿ ಕೆಲವು ಅಂಕಿಗಳನ್ನು ಹಿಡಿಯೋಣ. ಒಂದು ಮಡಿಯಲ್ಲಿ 150 ಸಿವುಡು ಬಂದಿದೆ. ಸಂತೆಯಲ್ಲಿ ಸಿವುಡಿಗೆ 12 ರೂಪಾಯಿಯಂತೆ 110 ಹೋಗಿ 40 ಮಾರದೆ ಬಾಡಿಹೋದವು: 1,320 ರೂಪಾಯಿ. ಅದರಲ್ಲಿ ಕುಳಿತವರ ದಿನಗೂಲಿ 400, ಗಾಡಿಗೆ ಮತ್ತು ಜಾಗಕ್ಕೆ 80 ಕಳೆದರೆ 840. ಅದೇ 150 ಸಿವುಡನ್ನು ಖಾನಾವಳಿಗಳಿಗೆ 8 ರೂಪಾಯಿಯಂತೆ ಕೊಟ್ಟರೆ 1,200. ಟಂಟಂ ಬಾಡಿಗೆ 100 ಹೋದರೂ 1,100 ಉಳಿಯಿತು, ಎಂಟೂವರೆಗೆ ಮನೆಗೂ ಬಂದಾಯಿತು. ಪೇಟೆಯ ಲಿಲಾವಿನಲ್ಲಿ 5 ರೂಪಾಯಿಗೆ ಹೋದರೆ 750ರಲ್ಲಿ ಹಮಾಲಿ, ಬಾಡಿಗೆ ಸೇರಿ 120 ಕಳೆದು 630. ನಿಮ್ಮ ಊರಿನ ಅಂಕಿಗಳನ್ನು ಹಾಕಿ ಇದನ್ನೇ ಒಮ್ಮೆ ಮಾಡಿ ನೋಡಿ. ಮನೆಯವರ ಕೂಲಿಯನ್ನು ಲೆಕ್ಕಕ್ಕೆ ಹಿಡಿಯದೆ ಬಿಡುವುದರಿಂದಲೇ ಸಂತೆ ಲಾಭದಾಯಕವಾಗಿ ಕಾಣುತ್ತದೆ.

ಖಾಯಂ ಗಿರಾಕಿಗಳ ಜೊತೆ ವರ್ಷಕ್ಕೆ ಎರಡು ದರ ಮಾತಾಡಿಕೊಳ್ಳುವುದು ಉಭಯತ್ರರಿಗೂ ಅನುಕೂಲ: ಬೇಸಿಗೆಗೊಂದು, ಉಳಿದ ಕಾಲಕ್ಕೊಂದು. ಚಳಿಗಾಲದಲ್ಲಿ ಪೇಟೆ ಬಿದ್ದಾಗ ಅವರು ನಿಮ್ಮ ಮಾಲನ್ನು ಬಿಡುವುದಿಲ್ಲ, ಬೇಸಿಗೆಯಲ್ಲಿ ಪೇಟೆ ಏರಿದಾಗ ನೀವು ಅವರ ಕೈ ಬಿಡುವುದಿಲ್ಲ. ಈ ಒಪ್ಪಂದವನ್ನು ಮುರಿಯುವ ಆಸೆ ಮೇ ತಿಂಗಳಲ್ಲಿ ರೈತನಿಗೇ ಹೆಚ್ಚಾಗಿ ಬರುತ್ತದೆ. ಒಂದು ವಾರದ ಹೆಚ್ಚಿನ ದರಕ್ಕೆ ವರ್ಷದ ಗಿರಾಕಿಯನ್ನು ಕಳೆದುಕೊಂಡವರು ಕಡಿಮೆಯೇನಿಲ್ಲ. ಪೇಟೆಯ ದರ ತಿಳಿಯಲು ರಾಜ್ಯದ ಕೃಷಿ ಮಾರಾಟ ಇಲಾಖೆಯ ಕೃಷಿ ಮಾರಾಟ ವಾಹಿನಿ ಜಾಲತಾಣವನ್ನು ನೋಡುತ್ತಿರಿ.

ಉದ್ರಿ ಒಂದು ವಾರ ಮೀರಬಾರದು.

7. ನಾಲ್ಕಾರು ಮನೆಗಳು ಸೇರಿ ಒಯ್ಯಿರಿ

ಒಂದು ತೋಟದ 150 ಸಿವುಡಿಗೆ ಗಾಡಿ ಬಾಡಿಗೆ ಭಾರ. ಎಂಟು ತೋಟದ ಮಾಲಿಗೆ ಅದೇ ಬಾಡಿಗೆ ಹಗುರ. ಅದಕ್ಕಿಂತ ದೊಡ್ಡ ಲಾಭವೆಂದರೆ ಒಬ್ಬರ ಮಡಿ ಕೈಕೊಟ್ಟ ದಿನ ಇನ್ನೊಬ್ಬರ ಮಡಿಯಿಂದ ಮಾತು ಉಳಿಯುತ್ತದೆ. ಆರಂಭಕ್ಕೆ ಎಂಟು ಹತ್ತು ಮನೆಗಳ ಸ್ವಸಹಾಯ ಸಂಘವೇ ಸಾಕು. ರೈತ ಉತ್ಪಾದಕ ಕಂಪನಿ ಮಾಡಿದರೆ ಸರ್ಕಾರದ ಹಣ ಬರುತ್ತದೆ ಎಂದು ಕೆಲವರು ಅವಸರ ಮಾಡುತ್ತಾರೆ. 2020ರಲ್ಲಿ ಆರಂಭವಾದ ಕೇಂದ್ರದ ಯೋಜನೆಯಲ್ಲಿ ಬಯಲು ಪ್ರದೇಶಕ್ಕೆ ಕನಿಷ್ಠ 300 ಸದಸ್ಯರು ಬೇಕು, ಲೆಕ್ಕಪರಿಶೋಧನೆ, ಸಭೆ, ವರದಿಗಳ ಹೊರೆಯೂ ಇದೆ. ಸೊಪ್ಪು ಮಾರಲು ಕಂಪನಿ ಕಟ್ಟಬೇಕಿಲ್ಲ. ನಿಮ್ಮ ತಾಲೂಕಿನಲ್ಲಿ ಚೆನ್ನಾಗಿ ನಡೆಯುತ್ತಿರುವುದೊಂದಿದ್ದರೆ ಷೇರು ತೆಗೆದುಕೊಂಡು ಸದಸ್ಯರಾಗಿ.

ಗುಂಪಿನಲ್ಲಿ ಮೂರು ಕೆಲಸಗಳಿಗೆ ಮೂರು ಜನ ಬೇರೆ ಬೇರೆ ಇರಲಿ: ಮಾಲು ಎಣಿಸಿ ತೆಗೆದುಕೊಳ್ಳುವವರು, ಒಯ್ದು ಮಾರುವವರು, ಹಣ ಬರೆದಿಡುವವರು. ಒಯ್ಯುವವರಿಗೆ ದಿನದ ಸಂಬಳ ಗೊತ್ತುಪಡಿಸಿ. ಪುಕ್ಕಟೆ ಸೇವೆ ಎರಡು ತಿಂಗಳಿಗಿಂತ ಹೆಚ್ಚು ನಡೆಯುವುದಿಲ್ಲ. ಬರೆಯುವ ವಹಿಯಲ್ಲಿ ಪ್ರತಿ ಮನೆಗೆ ಒಂದು ಪುಟ, ಪುಟದಲ್ಲಿ ಐದು ಗೆರೆ ಸಾಕು: ದಿನಾಂಕ, ಮಾಲು, ಕೊಟ್ಟ ಸಿವುಡು, ತಿರಸ್ಕರಿಸಿದ ಸಿವುಡು, ಸಂದ ಹಣ. ತಿರಸ್ಕರಿಸಿದ್ದನ್ನು ಏಕೆಂದು ಅಲ್ಲಿಯೇ ಬರೆಯಬೇಕು. ಶನಿವಾರ ಸಂಜೆ ಎಲ್ಲರೆದುರು ಓದಿ ಹಣ ಹಂಚಿದರೆ ಅನುಮಾನಕ್ಕೆ ಎಡೆಯಿರುವುದಿಲ್ಲ.

ಹೆಣ್ಣುಮಕ್ಕಳಿಗೆ 2023ರ ಜೂನ್‌ನಿಂದ ಶಕ್ತಿ ಯೋಜನೆಯಡಿ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟ್ ಇಲ್ಲ. ಬೆಳಗಾವಿ, ಬಾಗಲಕೋಟೆಗಳಲ್ಲಿ ವಾಯವ್ಯ ಸಾರಿಗೆಯ ಬಸ್ಸುಗಳಿಗೂ ವಿಜಯಪುರದಲ್ಲಿ ಕಲ್ಯಾಣ ಕರ್ನಾಟಕ ಸಾರಿಗೆಯ ಬಸ್ಸುಗಳಿಗೂ ಇದು ಅನ್ವಯಿಸುತ್ತದೆ. ಮಿತಿ ಮೀರಿದ ಬುಟ್ಟಿಗೆ ಲಗೇಜು ತೆರಬೇಕಾದರೂ, ಎರಡು ಬುಟ್ಟಿಯಷ್ಟು ಮಾಲಿಗೆ ನಸುಕಿನ ಬಸ್ಸೇ ಅಗ್ಗ.

8. ಪೇಟೆಗೆ ಹೋಗಲೇಬೇಕಾದ ದಿನ

ಮದುವೆ ರದ್ದಾಗಬಹುದು, ಖಾನಾವಳಿ ನಾಲ್ಕು ದಿನ ಮುಚ್ಚಬಹುದು, ಒಂದು ವಾರ ಎಲ್ಲ ಮಡಿಗಳೂ ಒಟ್ಟಿಗೆ ಬರಬಹುದು. ಅಂದು ಲಿಲಾವೇ ಗತಿ. ಬೆಳಗಾವಿಯ ಕಾಯಿಪಲ್ಯ ಪೇಟೆಯಿಂದ ಗೋವಾಕ್ಕೆ ದಿನವೂ ಗಾಡಿಗಳು ಘಟ್ಟ ಇಳಿಯುತ್ತವೆ. ಗೋವಾದ ಬೇಡಿಕೆ ಇರುವುದರಿಂದ ಅಲ್ಲಿ ಮಾಲು ಪೂರ್ತಿ ನಿಂತುಹೋಗುವುದು ಕಡಿಮೆ. ಇಂಡಿ, ಚಡಚಣ ಕಡೆಯವರಿಗೆ ಸೊಲ್ಲಾಪುರ ಹತ್ತಿರ. ವಿಜಯಪುರ ನಗರದಿಂದ ಅದು ಸುಮಾರು 100 ಕಿಲೋಮೀಟರ್, ಸೊಪ್ಪಿಗೆ ಅಷ್ಟು ದೂರ ಹಿಡಿಸುವುದಿಲ್ಲ, ಗಡ್ಡೆಗೆ ಹಿಡಿಸುತ್ತದೆ.

ರಾಜ್ಯದ ಎಪಿಎಂಸಿ ಕಾನೂನಿನಂತೆ ದಲಾಲರು ಕಮಿಷನ್ ಪಡೆಯಬೇಕಾದದ್ದು ಖರೀದಿದಾರರಿಂದ, ರೈತರಿಂದಲ್ಲ. ಕಾಯಿಪಲ್ಯದಲ್ಲಿ ಇದು ಪಾಲನೆಯಾಗದ ಕಡೆಗಳಿವೆ ಎಂಬುದು ಎಲ್ಲರಿಗೂ ಗೊತ್ತಿರುವ ಮಾತೇ. ಬಿಳಿ ಚೀಟಿಯ ಮೇಲೆ ಬರೀ ಮೊತ್ತ ಬರೆದು ಕೊಟ್ಟರೆ ಒಪ್ಪಬೇಡಿ. ಅಂಗಡಿಯ ಹೆಸರಿರುವ, ಎಣಿಕೆ, ದರ, ಕಡಿತಗಳನ್ನು ಬೇರೆ ಬೇರೆ ತೋರಿಸುವ ರಸೀದಿ ಕೇಳಿ. ಒಬ್ಬರೇ ಕೇಳಿದರೆ ಗದರುತ್ತಾರೆ, ಎಂಟು ಮನೆಯ ಮಾಲು ಹಿಡಿದವರು ಕೇಳಿದರೆ ಕೊಡುತ್ತಾರೆ. ನೂರರ ಮೇಲೆ ಕೊಸರು ಕೇಳುವ ರೂಢಿಯಿದ್ದಲ್ಲಿ ಅದೆಷ್ಟು ಎಂಬುದನ್ನು ಬುಟ್ಟಿ ಇಳಿಸುವ ಮೊದಲೇ ಕೇಳಿ.

9. ಕಾಗದಪತ್ರ

ಇಲ್ಲಿ ಹೆಚ್ಚಿನ ತೊಡಕಿಲ್ಲ. ಸ್ವಂತ ಹೊಲದ ಹಸಿ ಕಾಯಿಪಲ್ಯ ಮಾರುವ ರೈತರಿಗೆ ಆಹಾರ ಸುರಕ್ಷತಾ ಪರವಾನಗಿ ಬೇಡ. ತಾಜಾ ಕಾಯಿಪಲ್ಯಕ್ಕೆ ಜಿಎಸ್‌ಟಿಯೂ ಇಲ್ಲ. ಅದನ್ನು ಉಪ್ಪಿನಕಾಯಿ, ಒಣ ಸೊಪ್ಪಿನ ಪುಡಿ, ಅರಿಶಿನಪುಡಿ ಮಾಡಿ ಪೊಟ್ಟಣ ಕಟ್ಟಿದರೆ ಮಾತ್ರ ನೋಂದಣಿ ಮಾಡಿಸಬೇಕು. ತೂಗಿ ಮಾರುವವರ ಎಲೆಕ್ಟ್ರಾನಿಕ್ ತಕ್ಕಡಿಗೆ ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ಇರಬೇಕು, ಅದನ್ನು ವರ್ಷಕ್ಕೊಮ್ಮೆ ಹೊಸದು ಮಾಡಿಸಬೇಕು. ಬೆಳೆಯ ಸಲಹೆಗೆ ಬಾಗಲಕೋಟೆಯ ತೋಟಗಾರಿಕೆ ವಿಶ್ವವಿದ್ಯಾಲಯ, ಅರಭಾವಿಯ ಕಿತ್ತೂರು ರಾಣಿ ಚೆನ್ನಮ್ಮ ತೋಟಗಾರಿಕೆ ಕಾಲೇಜು, ತುಕ್ಕಾನಟ್ಟಿ, ಮತ್ತಿಕೊಪ್ಪ, ಇಂಡಿಗಳ ಕೃಷಿ ವಿಜ್ಞಾನ ಕೇಂದ್ರಗಳು ಇವೆ. ಕಿಸಾನ್ ಕಾಲ್ ಸೆಂಟರಿನ 1800-180-1551 ಸಂಖ್ಯೆಗೆ ಕರೆ ಮಾಡಿ ಕನ್ನಡದಲ್ಲಿಯೇ ಕೇಳಬಹುದು.

10. ಮರ ಬೆಳೆದಂತೆ ಮಾಲೂ ಬದಲಾಗುತ್ತದೆ

ಮಾವು, ಚಿಕ್ಕುವಿನ ಎಳೆಯ ತೋಟದಲ್ಲಿ ಸಿಗುವ ಬಿಸಿಲು ಏಳೆಂಟು ವರ್ಷಗಳ ಮೇಲೆ ಸಿಗುವುದಿಲ್ಲ. ಕೊಂಬೆಗಳು ಕೂಡಿಕೊಂಡಂತೆ ಮೊದಲು ಮೂಲಂಗಿ ಸಣ್ಣದಾಗುತ್ತದೆ, ಆಮೇಲೆ ಕೊತ್ತಂಬರಿಯ ಕಾಂಡ ತೆಳುವಾಗಿ ಬೀಳುತ್ತದೆ. ಸವರುವುದರಿಂದ ಎರಡು ಮೂರು ವರ್ಷ ದೂಡಬಹುದು. ಹಳೆಯ ತೆಂಗಿನ ತೋಟ ಇದಕ್ಕೆ ಹೊರತು. ಮರ ಎತ್ತರವಾದಂತೆ ಬುಡಕ್ಕೆ ಬೆಳಕು ಮತ್ತೆ ಇಳಿಯುತ್ತದೆ.

ಗಡ್ಡೆಗಳ ಮಾರಾಟ ಸೊಪ್ಪಿನದಕ್ಕಿಂತ ಬೇರೆಯೇ ಆದ್ದರಿಂದ ಅದರ ತಯಾರಿಯನ್ನು ಸೊಪ್ಪು ಇನ್ನೂ ಚೆನ್ನಾಗಿ ಬರುತ್ತಿರುವಾಗಲೇ ಆರಂಭಿಸಬೇಕು. ಸುವರ್ಣಗಡ್ಡೆಗೆ, ಅರಿಶಿನಕ್ಕೆ ಎಂಟು ಒಂಬತ್ತು ತಿಂಗಳು, ಕೆಸುವಿಗೆ ಆರೇಳು ತಿಂಗಳು ಹಿಡಿಯುತ್ತದೆ. ಕಿತ್ತ ಮೇಲೆ ವಾರಗಟ್ಟಲೆ ಕೆಡುವುದಿಲ್ಲ, ಹೀಗಾಗಿ ದರಕ್ಕೆ ಕಾಯುವ ಅವಕಾಶವಿದೆ. ಆದರೆ ನಮ್ಮ ಮನೆಗಳಲ್ಲಿ ಸುವರ್ಣಗಡ್ಡೆಯ ಬಳಕೆ ಕಡಿಮೆ, ತುರಿಕೆಯ ಹೆದರಿಕೆ ಹೆಚ್ಚು. ಮೊದಲ ವರ್ಷ ಒಂದೆರಡು ಸಾಲು ಮಾತ್ರ ನೆಟ್ಟು, ಅರ್ಧ ಕಿಲೋ ಹೋಳುಗಳಾಗಿ ಕತ್ತರಿಸಿ, ಹುಣಸೆಹಣ್ಣಿನ ನೀರಿನಲ್ಲಿ ಬೇಯಿಸಬೇಕೆಂದು ಹೇಳಿಯೇ ಮಾರಿ. ಇಡೀ ಗಡ್ಡೆಯನ್ನು ತಕ್ಕಡಿಯಲ್ಲಿಟ್ಟರೆ ಅದರ ಗಾತ್ರ ನೋಡಿಯೇ ಗಿರಾಕಿ ಮುಂದೆ ಹೋಗುತ್ತಾನೆ. ಉಳಿದ ಗಡ್ಡೆಗಳನ್ನು ಮಾರ್ಚ್, ಏಪ್ರಿಲ್‌ನಲ್ಲಿ ಬಿತ್ತನೆಗೆಂದು ಕೇಳುವ ರೈತರಿಗೆ ತೆಗೆದಿಡಿ. ತಿನ್ನಲು ಕೊಳ್ಳುವವನಿಗಿಂತ ನೆಡಲು ಕೊಳ್ಳುವವನು ಹೆಚ್ಚು ಕೊಡುತ್ತಾನೆ, ಕಣ್ಣು (ಮೊಳಕೆಯ ಜಾಗ) ಕೊಳೆಯದ, 500 ಗ್ರಾಮಿನ ಆಸುಪಾಸಿನ ತುಂಡುಗಳನ್ನು ಆರಿಸಿ ಸಗಣಿ ನೀರಿನಲ್ಲಿ ಅದ್ದಿ ಆರಿಸಿಟ್ಟಿದ್ದರೆ.